ಏಳನೇ ಬಟ್ಟಲು

ಕೂಡ್ಲೂರು, ಕ್ಯೂರಿಂಗ್ ವರ್ಕ್ಸಿನ ಹಿಂಬದಿ ಕೋಣೆ.
ಮೇಜಿನ ಮೇಲೆ ಒಂಬತ್ತು ಬಟ್ಟಲು. ಹೆಸರಿಲ್ಲ, ಅಂಕಿ ಮಾತ್ರ.
ಫ್ಯಾನು ಆರಿಸಿದ್ದೇನೆ, ಘಮ ಚದುರಬಾರದೆಂದು.
ಮುಡಿದ ಮಲ್ಲಿಗೆಯನ್ನೂ ಕಿತ್ತು
ಹೊರಗೆ ಸ್ಕೂಟರಿನ ಕನ್ನಡಿಗೆ ಸಿಕ್ಕಿಸಿ ಬಂದಿದ್ದೇನೆ.
ನನ್ನದು ನಾಲಿಗೆಯ ಕೆಲಸ.
ಹದಿನಾರು ವರ್ಷದಿಂದ ಇದಕ್ಕೇ ಸಂಬಳ.

ಕೋಬೆಯ ಮೊರಿಟ ಚಮಚ ಹಿಡಿಯುವುದು ಊದುಬತ್ತಿ ಹಿಡಿದಂತೆ.
ಬೂಸಾನಿನ ಯುನ್-ಜು ಹೀರಿದರೆ ಹೊಸ ಬಟ್ಟೆ ಹರಿದ ಸದ್ದು.
ಕುನ್ಮಿಂಗಿನ ಷು ಗೋಡೆಯ ಭೂಪಟದ ಮುಂದೆ ನಿಂತು
ನಮ್ಮೂರಿಗೆ ಹೆಬ್ಬೆರಳು, ತನ್ನೂರಿಗೆ ಕಿರುಬೆರಳು ಇಟ್ಟು
ಒಂದೇ ಗೇಣು, ನೋಡಿ! ಎಂದ.
ನಡುಬೆರಳುಗಳ ಅಡಿ ಬಿದ್ದ ಜಾಗ
ಲ್ಹಾಮೊಳ ಅಮ್ಮ ಬಿಟ್ಟು ಬಂದದ್ದು.

ಲ್ಹಾಮೊ ಹೊಳೆಯಾಚೆಯವಳು, ಬೈಲುಕುಪ್ಪೆಯ ಕ್ಯಾಂಪು.
ಚೀನೀ ಬಲ್ಲಳು. ಹೇಗೆ ಬಲ್ಲಳೆಂದು ಯಾರೂ ಕೇಳಿಲ್ಲ.
ದಿನಕ್ಕೆ ಎರಡು ಸಾವಿರ, ಮಧ್ಯಾಹ್ನದ ಊಟ.
'ಒಂದೇ ಗೇಣಂತೆ' ಎಂದಳು ನನಗೆ, ಕನ್ನಡದಲ್ಲಿ,
ಒಂದಕ್ಷರ ಸೇರಿಸದೆ.

ಮೊರಿಟ ಅದ್ದಿದ ಬಟ್ಟಲಿಗೆ ಯುನ್-ಜು ಚಮಚ ಹಾಕುವುದಿಲ್ಲ,
ಇನ್ನೊಂದು ಸುತ್ತು ಬಂದು ಬೇರೆಯದನ್ನು ಕೇಳುತ್ತಾಳೆ.
ಅವಳ ಅಜ್ಜಿಗೆ ಶಾಲೆಯಲ್ಲಿ ಹೆಸರು ಬದಲಿಸಿದ್ದರಂತೆ.
ಹೇಳಿದ್ದು ನಿನ್ನೆ, ಪಂದಿ ಕರಿ ತಿನ್ನುತ್ತ,
ಉಪ್ಪು ಕೇಳಿದಷ್ಟು ಸಲೀಸಾಗಿ.
ಮೊರಿಟ ತಟ್ಟೆ ನೋಡುತ್ತಿದ್ದ.
ಮೂವರೂ ನಗುತ್ತಾರೆ, ಹಲ್ಲು ಮಾತ್ರ.
ಈ ನಗು ನನಗೆ ಗೊತ್ತು:
ಬೇಲಿಯ ಕೇಸು ನಡೆಸುವ ಅಕ್ಕಪಕ್ಕದ ತೋಟದವರು
ಮದುವೆಮನೆಯ ಪಂಕ್ತಿಯಲ್ಲಿ ಎದುರುಬದುರಾದಾಗಿನದು.

ಬಾಗಿಲು ತಳ್ಳಿ ಕ್ಯಾಂಟೀನಿನ ಉನೈಸ್:
'ಅಕ್ಕಾ, ಚೈನಾದವ್ರಿಗೆ ಬಾಳೆಹಣ್ಣು ಬೇಕಾ?'
ಆ ಒಂದು ಪದ ಮಾತ್ರ ಎಲ್ಲರಿಗೂ ತಿಳಿಯಿತು.
ಷು ನಕ್ಕ.
ಮೊರಿಟ ಚಮಚ ಕೆಳಗಿಟ್ಟ.
ಯುನ್-ಜು ತನ್ನ ದೇಶದ ಹೆಸರನ್ನು
ಬಾಲವಾಡಿಯ ಮಗುವಿಗೆ ಹೇಳಿದಂತೆ ಎರಡು ಸಲ ಹೇಳಿದಳು.
ಲ್ಹಾಮೊ ಬಾಳೆಹಣ್ಣು ತೆಗೆದುಕೊಂಡಳು.

ನನಗೆ ಜಲಂಧರ್ ನೆನಪಾಯಿತು.
ಹಾಕಿ ಪಂದ್ಯ, ಗೋಲಿನ ಬಾಯಲ್ಲಿ ನಾನು,
ಗ್ಯಾಲರಿಯಿಂದ 'ಏ ಮದ್ರಾಸೀ!'
ಕೊಡಗು, ಎಂದೆ. ಅದೆಲ್ಲಿ, ಎಂದರು.
ಕರ್ನಾಟಕ, ಎಂದೆ. ಹಾಂ, ಅದೇ ಮದ್ರಾಸು.
ಅವರನ್ನು ತಿದ್ದುವ ಭರದಲ್ಲಿ
ಮೂರನೇ ಗೋಲು ಕಾಲಸಂದಿಯಲ್ಲಿ ಹೋಯಿತು.

ಅಂಕಪಟ್ಟಿ ತೆರೆದೆವು.
ಏಳನೇ ಬಟ್ಟಲಿಗೆ ಮೊರಿಟ ಎಂಬತ್ತೇಳು,
ಯುನ್-ಜು ಎಂಬತ್ತೇಳೂ ಕಾಲು. ಸಮ ಆಗಬಾರದಲ್ಲ.
ನಾನು ಎಂಬತ್ತೆಂಟು.
ತುಂಬೆ ಜೇನು, ಆಮೇಲೆ ಕಿತ್ತಳೆ ಸಿಪ್ಪೆ,
ಗುಟುಕಿನ ಕೊನೆಗೆ ಆಗಷ್ಟೇ ಸಿಗಿದ ಕಬ್ಬು.
ಕಕ್ಕಬ್ಬೆಯದೇ, ತಡಿಯಂಡಮೋಳಿನ ನೆರಳಿನದೇ
ಎಂದು ಆಗಲೇ ಒಳಗೊಳಗೆ ಎದೆಯುಬ್ಬಿಸಿಕೊಂಡಿದ್ದೆ.

ಷು ಕೋಟಿನ ಜೇಬಿನಿಂದ ಚೀಟಿ ತೆಗೆದ.
ಹುರಿಯುವವನಿಗೆ ಹೇಳಿ ಒಂದು ಮುಷ್ಟಿ ಬೆರೆಸಿಟ್ಟಿದ್ದನಂತೆ.
'ಅವರ ಊರಿನದಂತೆ,' ಎಂದಳು ಲ್ಹಾಮೊ.

ಮೊರಿಟ, ಯುನ್-ಜು ಮೊದಲ ಸಲ
ಒಬ್ಬರ ಕಣ್ಣನ್ನೊಬ್ಬರು ನೇರ ನೋಡಿದರು,
ಒಂದೇ ಅಂಗಡಿಯಲ್ಲಿ ಟೋಪಿ ಬಿದ್ದ ನೆಂಟರಂತೆ.
ನನ್ನ ನಾಲಿಗೆ ಹಲ್ಲುಗಳ ಹಿಂದೆ
ಪಕ್ಷಾಂತರ ಮಾಡಿದವನ ಹಾಗೆ ಮುದುಡಿ ಕೂತಿತು.
ಕಕ್ಕಬ್ಬೆಯದು ಮೂರನೇ ಬಟ್ಟಲು. ಎಂಬತ್ತನಾಲ್ಕು.
ಪೆಮ್ಮಯ್ಯನವರು ಕಿವಿಯ ಬಳಿ ಬಾಗಿದರು:
'ಮೂರಕ್ಕೆ ಒಂದೈದು ಸೇರಿಸು ಮಾರಾಯ್ತಿ, ನಮ್ಮದಲ್ವಾ.'
ಪೆನ್ನಿನಲ್ಲಿ ಬರೆದಿದ್ದೆ.
ಅದು ಸತ್ಯವೋ ನೆಪವೋ, ಈಗಲೂ ಹೇಳಲಾರೆ.

ಅವರೆಲ್ಲ ಫೋಟೋಕ್ಕೆಂದು ಅಂಗಳಕ್ಕಿಳಿದರು.
ಯಾರ ಪಕ್ಕ ಯಾರು ಎಂಬುದಕ್ಕೇ ಐದು ನಿಮಿಷ.
ಒಳಗೆ ನಾನು ಚಮಚ ತೊಳೆಯುತ್ತಿದ್ದೆ.
ಯಾರೂ ಅಂಕ ಕೇಳದ ಲ್ಹಾಮೊ
ಆರಿ ತಣ್ಣಗಾದ ಏಳನೆಯದನ್ನು ಎತ್ತಿ,
ಉಗುಳದೆ, ತಳ ಕಾಣುವ ತನಕ ಕುಡಿದಳು.
ಹೇಗಿದೆ, ಎಂದೆ.
ತುಸು ಹೊತ್ತು ಬಿಟ್ಟು ಹೇಳಿದಳು:
'ಸಕ್ಕರೆ ಬೇಕಿತ್ತು ಅಕ್ಕಾ.'